ಪಾಂಡುವಿನ ಮಕ್ಕಳು

ವೀರ್ಯಾಣು ಸೊನ್ನೆ. ರಿಪೋರ್ಟ್ ನನ್ನದು, ಅಂಕೋಲೆಯ ಮನೆಯಲ್ಲಿ ಹರಕೆ, ಉಪವಾಸ ಮಾತ್ರ ಹೆಂಡತಿಗೆ. ಆಯಿ 'ಅವಳಿಗೇ ಏನೋ ದೋಷ' ಅಂದಾಗ ಇಬ್ಬರೂ ಸುಮ್ಮನಿದ್ದೆವು. ಅವಳದು ಔದಾರ್ಯ, ನನ್ನದು ಹೇಡಿತನ.

ಈಗ ದಾನಿಯ ವೀರ್ಯದಿಂದ ಐಯುಐ ಮಾಡಿಸೋಣ ಅಂತಿದ್ದೇವೆ. 2021ರ ಕಾಯ್ದೆಯ ಪ್ರಕಾರ ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ, ಮಗು ನಮ್ಮದೇ. ಆದರೆ ಮಗುವಿಗೆ ನಿಜ ಹೇಳಬೇಕೋ ಬೇಡವೋ? 'ಯಾರಿಗೂ ಗೊತ್ತಾಗಲ್ಲ ಬಿಡು' ಅಂತಾರೆ ಗೆಳೆಯರು.

ಧರ್ಮರಾಯ, ಭೀಮ, ಅರ್ಜುನರು ಹುಟ್ಟಿದ್ದು ಹೇಗೆಂದು ನಮ್ಮೂರಲ್ಲಿ ಯಕ್ಷಗಾನ ನೋಡುವ ಮಕ್ಕಳಿಗೂ ಗೊತ್ತು. ಆದರೂ ಅವರು ಪಾಂಡವರೇ. ಕುಂತಿ ಮುಚ್ಚಿಟ್ಟಿದ್ದು ಕರ್ಣನ ಹುಟ್ಟನ್ನು. ಅದರ ಬೆಲೆ ತೆತ್ತವನೂ ಕರ್ಣನೇ.

ಹಾಗಾಗಿ ಮಗುವಿಗೆ ಹೇಳುತ್ತೇನೆ. ಅದಕ್ಕೂ ಮೊದಲು, ಈ ಭಾನುವಾರ ಊರಿಗೆ ಹೋಗಿ ಆಯಿಗೆ ಹೇಳಬೇಕು.