ಅಗ್ಗದ ವಸ್ತ್ರವೂ ಇಚ್ಛಾಪರಿಮಾಣವೂ

ಕನ್ನಡ ನಾಡಿನಲ್ಲಿ ಆಷಾಢ ಮಾಸವು ಎರಡು ಕರೆಗಳನ್ನು ಒಟ್ಟಿಗೆ ತರುತ್ತದೆ. ಈ ತಿಂಗಳಲ್ಲಿ ವಿವಾಹಾದಿ ಮಂಗಲಕಾರ್ಯಗಳು ವಿರಳವಾದ್ದರಿಂದ ಜವಳಿ ಅಂಗಡಿಯವರು ಉಳಿದ ಸರಕನ್ನು ತೀರಿಸಲೆಂದು ಬೆಲೆಯನ್ನಿಳಿಸಿ ಗಿರಾಕಿಗಳನ್ನು ಕರೆಯುತ್ತಾರೆ. ಅದೇ ಮಾಸದ ಶುಕ್ಲ ಅಷ್ಟಮಿಯಿಂದ ಪೂರ್ಣಿಮೆಯವರೆಗೆ ಆಷ್ಟಾಹ್ನಿಕ ಪರ್ವ. ಚತುರ್ದಶಿಯಂದು ಮುನಿಸಂಘಗಳ ವರ್ಷಾಯೋಗ ಸ್ಥಾಪನೆ. ಶ್ರಾವಕ ಶ್ರಾವಿಕೆಯರು ಗುರುಸನ್ನಿಧಿಯಲ್ಲಿ ಆಹಾರ, ಪ್ರಯಾಣ, ಉಡುಗೆತೊಡುಗೆಗಳ ವಿಷಯದಲ್ಲಿ ನಿಯಮಗಳನ್ನು ಸ್ವೀಕರಿಸುವ ಕಾಲವೂ ಇದೇ. ಒಂದು ಕರೆ ‘ಈಗಲೇ ಕೊಳ್ಳಿರಿ’ ಎನ್ನುತ್ತದೆ. ಇನ್ನೊಂದು ‘ಇದ್ದುದು ಸಾಕು’ ಎನ್ನುತ್ತದೆ.

ಈ ಎರಡು ಕರೆಗಳ ನಡುವೆ ಮಧ್ಯಮ ವರ್ಗದ ಗೃಹಸ್ಥನಿಗೆ ಒಂದು ಸಂದೇಹ ಹುಟ್ಟುವುದು ಸಹಜ. ಕಡಮೆ ಹಣದಲ್ಲಿ ಉಡುಪು ಹೊಂದಿಸಿಕೊಳ್ಳುವುದು, ಹಳೆಯ ಬಟ್ಟೆಯನ್ನು ಹೊಲಿದು ಹೊಸದಾಗಿಸಿಕೊಳ್ಳುವುದು, ರಿಯಾಯಿತಿಯ ಕಾಲವನ್ನು ಕಾದು ಕೊಳ್ಳುವುದು, ಇವೆಲ್ಲ ಮಿತವ್ಯಯದ ಲಕ್ಷಣಗಳು. ಮಿತವ್ಯಯವು ಗುಣವೆಂಬುದರಲ್ಲಿ ವಿವಾದವಿಲ್ಲ. ಆದರೆ ಮಿತವ್ಯಯವೇ ಅಪರಿಗ್ರಹವೇ? ಹಣ ಕಡಮೆ ಖರ್ಚಾದರೆ ವ್ರತ ಉಳಿಯಿತೆಂದು ಹೇಳಬಹುದೇ? ಇದು ವಿಚಾರಿಸಬೇಕಾದ ಪ್ರಶ್ನೆ.

ಶಾಸ್ತ್ರದಲ್ಲಿ ವಸ್ತ್ರದ ಸ್ಥಾನವನ್ನು ಮೊದಲು ತಿಳಿಯುವುದು ಉಚಿತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಚಿನ್ನ, ಬೆಳ್ಳಿ, ಧನ, ಧಾನ್ಯಗಳೊಡನೆ ‘ಕುಪ್ಯ’ ಎಂಬುದನ್ನೂ ಸೇರಿಸಿದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಶಬ್ದವನ್ನು ವಿವರಿಸುತ್ತ ನಾರು, ಹತ್ತಿ, ರೇಷ್ಮೆಗಳ ಬಟ್ಟೆಯನ್ನೇ ಮುಂದಾಗಿ ಎಣಿಸಿದ್ದಾರೆ. ಅಂದರೆ ಪೆಟ್ಟಿಗೆಯೊಳಗಿನ ಸೀರೆಯೂ ಹೊಲದಂತೆ, ಬಂಗಾರದಂತೆ ಲೆಕ್ಕಕ್ಕೆ ಬರುವ ಆಸ್ತಿಯೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಬಿಡತಕ್ಕ ಅನ್ನವನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸತಕ್ಕ ವಸ್ತ್ರವನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಪರಿಗ್ರಹ ಪರಿಮಾಣಕ್ಕೆ ಅವರು ಕೊಟ್ಟ ಇನ್ನೊಂದು ಹೆಸರು ಇಚ್ಛಾಪರಿಮಾಣ. ಈ ಹೆಸರಿನಲ್ಲಿಯೇ ಪ್ರಶ್ನೆಗೆ ಅರ್ಧ ಉತ್ತರ ದೊರೆಯುತ್ತದೆ. ಅಳೆಯಬೇಕಾದುದು ಹಣವನ್ನಲ್ಲ, ಇಚ್ಛೆಯನ್ನು.

ದಿಗಂಬರ ಮುನಿಗಳಿಗೆ ಅಚೇಲಕತ್ವವು ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು. ಐಲಕರಿಗೆ ಕೌಪೀನ ಮಾತ್ರ; ಕ್ಷುಲ್ಲಕರಿಗೆ ಅದರೊಡನೆ ಒಂದು ಖಂಡವಸ್ತ್ರ; ಆರ್ಯಿಕೆಯರು ಬಿಳಿಯ ಒಂದೇ ಸೀರೆಯನ್ನುಟ್ಟು ವಿಹರಿಸುತ್ತಾರೆ. ಮೇಲಿನಿಂದ ಇಳಿದು ಬರುವ ಈ ಸೋಪಾನದ ಕೆಳಗಿನ ಮೆಟ್ಟಿಲಲ್ಲಿ ಗೃಹಸ್ಥನಿದ್ದಾನೆ. ಅವನಿಗೆ ಬಟ್ಟೆಯನ್ನು ಬಿಡು ಎಂದು ಯಾರೂ ಹೇಳಿಲ್ಲ. ಎಷ್ಟು ಎಂದು ಹೇಳಿಕೊಳ್ಳು ಎಂದಷ್ಟೇ ಹೇಳಿದ್ದಾರೆ.

ಬೆಳಗಾವಿ ಸೀಮೆಯ ಒಂದು ಒಕ್ಕಲು ಮನೆಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಹದವಾದ ಆದಾಯ, ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಆ ಮನೆಯ ಸೊಸೆ ವರ್ಷಾಯೋಗ ಮುಗಿಯುವವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದು ನಿಯಮ ಹಿಡಿದಿದ್ದಾಳೆ. ಅದಾದ ನಾಲ್ಕು ದಿನಗಳಲ್ಲಿ ಪೇಟೆಯಿಂದ ವಾರ್ತೆ ಬರುತ್ತದೆ: 3,600 ರೂಪಾಯಿಯ ಸೀರೆ 2,000ಕ್ಕೆ. ದೀಪಾವಳಿಯ ಅನಂತರ ನಾದಿನಿಯ ಮದುವೆ. ಆಗ ಅದೇ ಸೀರೆಗೆ ಪೂರ್ಣ ಬೆಲೆ ತೆರಬೇಕು.

“ಅತ್ತೆ, ಈಗ ಕೊಂಡಿಟ್ಟರೆ 1,600 ರೂಪಾಯಿ ಉಳಿಯುತ್ತದೆ. ಉಡುವುದು ನಿಯಮ ಮುಗಿದ ಮೇಲೆಯೇ. ಉಳಿದುದರಲ್ಲಿ ಸ್ವಲ್ಪ ಬಸದಿಗೆ ಕೊಡೋಣ. ಇದರಲ್ಲಿ ದೋಷವೇನು?” ಎಂದು ಸೊಸೆ ಕೇಳುತ್ತಾಳೆ.

ಅತ್ತೆಯ ಉತ್ತರ ಒಂದೇ ಪ್ರಶ್ನೆ: “ಗುರುಗಳ ಮುಂದೆ ನೀನು ಬಿಟ್ಟದ್ದು ಉಡುವುದನ್ನೋ, ಕೊಳ್ಳುವುದನ್ನೋ, ತಂಗೀ?”

ಸೊಸೆಗೆ ಇನ್ನೊಂದು ಉಪಾಯ ಹೊಳೆಯುತ್ತದೆ. ತವರಿನ ಅಕ್ಕ ಕೊಂಡು ತನ್ನ ಮನೆಯಲ್ಲಿರಿಸಿಕೊಳ್ಳಲಿ; ಹಣವನ್ನು ಆಮೇಲೆ ಕೊಟ್ಟರಾಯಿತು. ಆದರೆ ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಈ ಮೂರನ್ನೂ ಮನಸ್ಸು, ಮಾತು, ಕಾಯಗಳಿಂದ ಗುಣಿಸಿ ನೋಡುವುದು ಜಿನಾಗಮದ ಕ್ರಮ. ಕೃತವನ್ನು ಬಿಟ್ಟು ಕಾರಿತವನ್ನು ಹಿಡಿದರೆ ಮಾತಿನ ಹೊರಮೈ ಉಳಿದೀತು, ನಿಯಮ ಉಳಿಯದು. ದಾನದ ಮಾತು ಕೂಡ ಇಲ್ಲಿ ರಕ್ಷೆಗೆ ಬಾರದು. ಮುರಿದ ನಿಯಮದ ಉಳಿತಾಯದಿಂದ ಮಾಡಿದ ದಾನವು ಆ ಮುರಿತವನ್ನು ಕೂಡಿಸುವುದಿಲ್ಲ.

ಆದ್ದರಿಂದ 1,600 ರೂಪಾಯಿಯ ನಷ್ಟವನ್ನು ಆಕೆ ಸಹಿಸಬೇಕಾಗುತ್ತದೆ. ಬಡತನದ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ವ್ರತದಿಂದ ಯಾವಾಗಲೂ ಲಾಭವೇ ಆಗುತ್ತದೆಂದು ಹೇಳುವುದು ಸತ್ಯವಾಗದು. ಉಪವಾಸದಲ್ಲಿ ಹಸಿವು ನಿಜವಾಗಿರುವಂತೆ ಪರಿಮಾಣ ವ್ರತದಲ್ಲಿ ನಷ್ಟವೂ ನಿಜ. ಹಸಿವಾಗದ ಉಪವಾಸಕ್ಕೆ ಬೆಲೆಯಿಲ್ಲ. ಏನನ್ನೂ ಬಿಡಿಸದ ಪರಿಮಾಣಕ್ಕೂ ಇಲ್ಲ.

ಇನ್ನು, ಅಗ್ಗವಾಗಿ ಕೊಳ್ಳುವುದೇ ಪಾಪವೇ ಎಂದರೆ, ಅಲ್ಲ. ನಿಯಮವಿಲ್ಲದ ದಿನಗಳಲ್ಲಿ, ಬೇಕಾದ ಬಟ್ಟೆಯನ್ನು ಬೆಲೆ ಇಳಿದಾಗ ಕೊಳ್ಳುವುದು ವಿವೇಕವೇ. ಅಂಗಡಿಯವನು ತಾನಾಗಿ ಇಳಿಸಿದ ಬೆಲೆಯಲ್ಲಿ ಕೊಂಡರೆ ಯಾರ ಸ್ವತ್ತೂ ಅಪಹೃತವಾಗುವುದಿಲ್ಲ. ದೋಷವಿರುವುದು ಲೆಕ್ಕದ ಬಗೆಯಲ್ಲಿ. ವರ್ಷಕ್ಕೆ 4,000 ರೂಪಾಯಿಯ ಬಟ್ಟೆ ಎಂದು ಮಿತಿ ಮಾಡಿಕೊಂಡ ಗೃಹಿಣಿಗೆ 2,000 ರೂಪಾಯಿಯಂತೆ ಎರಡು ಸೀರೆ ಬರುತ್ತವೆ. ಬೆಲೆ 800ಕ್ಕಿಳಿದರೆ ಅದೇ ಮಿತಿಯಲ್ಲಿ ಐದು ಬರುತ್ತವೆ. ಹಣದ ಪರಿಮಾಣ ಮುರಿಯಲಿಲ್ಲ. ಇಚ್ಛೆಯೋ ಎರಡರಿಂದ ಐದಕ್ಕೆ ಬೆಳೆಯಿತು. ಹೀಗಾಗಿ ವಸ್ತ್ರದ ಮಿತಿಯನ್ನು ರೂಪಾಯಿಯಲ್ಲಿ ಹೇಳದೆ ಸಂಖ್ಯೆಯಲ್ಲಿ ಹೇಳುವುದು ಲೇಸು. ‘ಇಷ್ಟು ಸೀರೆ, ಇಷ್ಟು ಧೋತರ, ಇಷ್ಟು ಅಂಗಿ’ ಎಂದು ಎಣಿಸಿ ಹಿಡಿದ ನಿಯಮವನ್ನು ಮಾರುಕಟ್ಟೆಯ ಏರಿಳಿತವು ಅಲುಗಿಸಲಾರದು. ಸಮಂತಭದ್ರಾಚಾರ್ಯರು ಅತಿಸಂಗ್ರಹವನ್ನೂ ಲೋಭವನ್ನೂ ಈ ವ್ರತದ ಅತಿಚಾರಗಳಲ್ಲಿ ಬೇರೆಬೇರೆಯಾಗಿ ಹೇಳಿದ್ದಾರೆ. ಹೆಚ್ಚು ಬೆಲೆ ತೆತ್ತವನು ಮಾತ್ರ ಲೋಭಿಯೆಂದು ತಿಳಿಯಬೇಕಾಗಿಲ್ಲ. ಅಗ್ಗವೆಂಬ ಕಾರಣಕ್ಕೇ ಬೇಡದುದನ್ನು ಹೊತ್ತು ತಂದವನೂ ಆ ಸಾಲಿನವನೇ.

ಅತಿಸಂಗ್ರಹದಿಂದ ಇನ್ನೊಂದು ಕೇಡಿದೆ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಚಿಟ್ಟ ಬಟ್ಟೆ ಕ್ರಿಮಿಕೀಟಗಳಿಗೆ ಮನೆಯಾಗುತ್ತದೆ. ಬಳಿಕ ಝಾಡಿಸಿದರೂ ಹಿಂಸೆ, ಒಗೆದರೂ ಹಿಂಸೆ, ನುಸಿಗುಳಿಗೆ ಇಟ್ಟರೂ ಹಿಂಸೆ. ಕಡಮೆ ಬಟ್ಟೆಯಿರುವ ಮನೆಯಲ್ಲಿ ಪ್ರತಿಯೊಂದೂ ವಾರಕ್ಕೊಮ್ಮೆಯಾದರೂ ಕೈಗೆ ಬಂದು ಬಿಸಿಲು ಕಾಣುವುದರಿಂದ ಜೀವೋತ್ಪತ್ತಿಗೆ ಅವಕಾಶವೇ ಕಡಮೆ. ಅಪರಿಗ್ರಹವು ಅಹಿಂಸೆಯ ಬೇಲಿಯೆಂಬುದಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕಿಲ್ಲ.

ಹೊಲಿಗೆಯ ವಿಷಯ ಬೇರೆ. ನಿದರ್ಶನದ ಸೊಸೆ ಸೀರೆ ಕೊಳ್ಳುವ ವಿಚಾರ ಬಿಟ್ಟು ಹಳೆಯ ಪೆಟ್ಟಿಗೆ ತೆರೆಯುತ್ತಾಳೆ ಎಂದಿಟ್ಟುಕೊಳ್ಳಬಹುದು. ಸೀರೆ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಕುಳಿತೇಳುವ ಭಾಗ ಮೊದಲು ಜಾಳಾಗುತ್ತದೆ, ಕಾಲ ಬಳಿಯ ಅಂಚು ಹರಿಯುತ್ತದೆ. ಸೆರಗೂ ಮೇಲಂಚೂ ಗಟ್ಟಿಯಾಗಿಯೇ ಉಳಿದಿರುತ್ತವೆ. ಇಳಕಲ್ಲಿನ ನೇಕಾರರು ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿಯೇ ಒಂದು ಸೀರೆಯಾಗಿಸುತ್ತಾರೆ. ಹೊಸ ಸೀರೆಯಲ್ಲಿಯೇ ಜೋಡಣೆಯಿರುವಾಗ ಹಳೆಯದಕ್ಕೆ ಜೋಡಣೆ ಹಾಕಲು ನಾಚಬೇಕಾದುದಿಲ್ಲ. ಹರಿದ ಅಂಚಿಗೆ ಬೇರೆ ಅಂಚು, ಸವೆದ ಕಡೆಗೆ ಒಳಗಿನಿಂದ ತೇಪೆ. ಉಡಲಾಗದ ಸೀರೆಯ ಗಟ್ಟಿ ಭಾಗದಿಂದ ಮಗಳಿಗೆ ಲಂಗ. ಅದಕ್ಕೂ ಬಾರದ ತುಂಡುಗಳನ್ನು ಪದರ ಪದರವಾಗಿ ಹಾಸಿ ಟಾಕು ಹಾಕಿದರೆ ಉತ್ತರ ಕರ್ನಾಟಕದ ಮನೆಮನೆಗೂ ಪರಿಚಿತವಾದ ಕೌದಿ. ಕೌದಿಯೂ ಹರಿದ ಮೇಲೆ ಒರೆಸುವ ಬಟ್ಟೆ. ಹೀಗೆ ಒಂದು ವಸ್ತ್ರವು ಕೊನೆಯ ಎಳೆಯವರೆಗೆ ಉಪಭೋಗಕ್ಕೆ ಬಂದರೆ ಇನ್ನೊಂದು ವಸ್ತ್ರದ ಆರಂಭದೋಷ ತಪ್ಪುತ್ತದೆ. ನೀರು ಸೋಸಲು ಮಾತ್ರ ಸವೆದ ಬಟ್ಟೆ ಸಲ್ಲದು. ಅಲ್ಲಿ ಗಟ್ಟಿ ನೇಯ್ಗೆಯ ಎರಡು ಮಡಿಕೆಯ ಬಟ್ಟೆಯೇ ಬೇಕು. ಜೀವರಕ್ಷೆಯ ಸ್ಥಾನದಲ್ಲಿ ಮಿತವ್ಯಯಕ್ಕೆ ಪ್ರವೇಶವಿಲ್ಲ.

ಆರಂಭದೋಷವೆಂದಾಗ ಕೊಳ್ಳುವವರ ಕಣ್ಣಿಗೆ ಬೀಳದುದನ್ನೂ ನೆನೆಯಬೇಕು. ಹತ್ತಿ ಬೆಳೆಯುವುದರಿಂದ ಬಣ್ಣ ಹಾಕುವವರೆಗೆ ಒಂದು ಹತ್ತಿಯ ಅಂಗಿಗೆ ಸುಮಾರು 2,700 ಲೀಟರ್ ನೀರು ವೆಚ್ಚವಾಗುತ್ತದೆಂದು ಅಂದಾಜು ಮಾಡಿದ್ದಾರೆ. ಒಂದು ಕೊಡ ನೀರನ್ನು ಸೋಸಿ ಕುಡಿಯುವ ಶ್ರಾವಕನು ಬೇಡದ ಅಂಗಿಯೊಂದನ್ನು ಕೊಂಡಾಗ ಎಷ್ಟು ಅಪ್ಕಾಯಿಕ ಜೀವಗಳ ವಿರಾಧನೆಗೆ ಒಪ್ಪಿಗೆ ಕೊಟ್ಟಂತಾಯಿತು! ರೇಷ್ಮೆಯ ಮಾತು ಇನ್ನೂ ಕಠಿಣ. ಗೂಡಿನೊಳಗಿನ ಹುಳುವನ್ನು ಬಿಸಿಗೆ ಕೊಂದ ಮೇಲೆಯೇ ನೂಲು ತೆಗೆಯುವುದು ರೂಢಿಯ ಕ್ರಮ. ಒಂದು ಸೀರೆಗೆ ಸಾವಿರಾರು ಗೂಡುಗಳು. ಮನುಷ್ಯರೂ ಈ ಲೆಕ್ಕದ ಹೊರಗಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಪರದೇಶಗಳಿಗೆ ಅಗ್ಗದ ಸಿದ್ಧ ಉಡುಪು ಹೊಲಿಯುತ್ತಿದ್ದವರು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಭವಿಷ್ಯನಿಧಿಯ ಹಣಕ್ಕಾಗಿ ಬೀದಿಗಿಳಿಯಬೇಕಾಯಿತು. ಅಂಗಡಿಯಲ್ಲಿ ಕಡಮೆಯಾದ ಬೆಲೆಯನ್ನು ಬೇರೆಲ್ಲೋ ಒಬ್ಬರು ತಮ್ಮ ದುಡಿಮೆಯಿಂದ ತುಂಬಿಕೊಡುತ್ತಿರುವುದು ಅನೇಕ ಸಲ ನಿಜ. ತಲೆಯ ಮೇಲೆ ಗಂಟು ಹೊತ್ತು ಬರುವ ವ್ಯಾಪಾರಿಯೊಡನೆ, ಅವನ ಅಂದಿನ ಊಟಕ್ಕೇ ಕೊರತೆಯಾಗುವವರೆಗೆ ಚೌಕಾಶಿ ಮಾಡಿ ಗೆದ್ದೆನೆಂದು ಹಿಗ್ಗುವುದನ್ನು ಮಿತವ್ಯಯವೆಂದು ಕರೆಯಲಾಗದು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಎಲ್ಲರೂ ಹಳೆಯದನ್ನೇ ಹೊಲಿದು ಉಟ್ಟರೆ ನೇಕಾರನ ಗತಿಯೇನು? ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಪರಿಮಾಣ ವ್ರತವು ಕೊಳ್ಳುವುದನ್ನು ನಿಷೇಧಿಸಿಲ್ಲ, ಮಿತಗೊಳಿಸಿದೆ. ಐದು ಅಗ್ಗದ ಬಟ್ಟೆಗಳ ಹಣದಲ್ಲಿ ಕೈಮಗ್ಗದ ಎರಡನ್ನು ನ್ಯಾಯವಾದ ಬೆಲೆಗೆ ಕೊಂಡರೆ ನೇಕಾರನಿಗೆ ಸಲ್ಲಬೇಕಾದುದು ಸಲ್ಲುತ್ತದೆ, ಬಟ್ಟೆಯೂ ಬಹುಕಾಲ ಬಾಳುತ್ತದೆ. ಅಷ್ಟರಿಂದ ಎಲ್ಲ ಮಗ್ಗಗಳ ಕಷ್ಟವೂ ನೀಗುವುದೆಂದಲ್ಲ. ಆದರೆ ಅವನ ಹೆಸರು ಹೇಳಿ ತನ್ನ ಆಸೆಯನ್ನು ಪೋಷಿಸುವುದಕ್ಕಿಂತ ಅದು ಪ್ರಾಮಾಣಿಕ. ಅಗ್ಗದ ಬಟ್ಟೆಯನ್ನಲ್ಲದೆ ಬೇರೆಯದನ್ನು ಕೊಳ್ಳಲಾರದ ಬಡವರಿಗೆ ಈ ಮಾತುಗಳು ಅನ್ವಯಿಸವು. ಮೈ ಮುಚ್ಚುವ ಅಗತ್ಯದ ಮೇಲೆ ಯಾವ ಆಚಾರ್ಯರೂ ದೋಷ ಹೊರಿಸಿಲ್ಲ.

ಹೊಲಿಗೆಗೂ ಅದರದೇ ಬಲೆಗಳಿವೆ. ಎಂದಾದರೂ ಹೊಲಿದೇನೆಂದು ಅಂಗಡಿಯ ಕತ್ತರಿತುಂಡು, ಅಂಚು, ಗುಂಡಿಗಳನ್ನು ಚೀಲ ಚೀಲವಾಗಿ ತಂದು ತುಂಬುವುದು ಸಂಗ್ರಹದ ಇನ್ನೊಂದು ವೇಷ. ತಾನು ಹೊಲಿದುದನ್ನು ನಾಲ್ವರಿಗೆ ತೋರಿಸಿ ಮೆಚ್ಚುಗೆ ಬೇಡುವುದು ಮದದ ಇನ್ನೊಂದು ವೇಷ. ಪರಪದಾರ್ಥದಲ್ಲಿ ‘ನನ್ನದು’ ಎಂದು ಮೈಮರೆಯುವ ಭಾವಕ್ಕೆ ಉಮಾಸ್ವಾಮಿಗಳು ಮೂರ್ಛೆಯೆಂದು ಹೆಸರಿಟ್ಟಿದ್ದಾರೆ. ಆ ಮೂರ್ಛೆ ಜರತಾರಿಯ ಸೀರೆಯಲ್ಲಿರುವಂತೆ ಕೌದಿಯಲ್ಲಿಯೂ ಇರಬಲ್ಲುದು.

ಸೊಸೆಗೆ ಕಡೆಯದಾಗಿ ಉಳಿಯುವ ಅಳುಕು ಹಣದ್ದಲ್ಲ. ಮದುವೆಯ ಮನೆಯಲ್ಲಿ ಬೀಗರ ಕಡೆಯವರು ಆ ಸೀರೆಯನ್ನು ಗುರುತಿಸಿ, ‘ಇದು ಅತ್ತೆಯ ಹಳೆಯ ಸೀರೆಯಲ್ಲವೇ?’ ಎಂದು ಕೇಳಿಯಾರು. ಈ ಅಳುಕೂ ಪರಿಗ್ರಹವೇ. ಏಕೆಂದರೆ ಮಾನಕಷಾಯವು ಅಂತರಂಗ ಪರಿಗ್ರಹಗಳಲ್ಲಿ ಒಂದು. ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವದ ಪೂಜೆ ಮಾಡಿದ ಬಾಯಿ ಆ ಪ್ರಶ್ನೆಗೆ ‘ಹೌದು, ಅತ್ತೆಯದೇ’ ಎಂದು ಶಾಂತವಾಗಿ ಉತ್ತರಿಸಬಲ್ಲುದಾದರೆ ಪೂಜೆ ಸಾರ್ಥಕ. ನಿಯಮದ ಅವಧಿ ಮುಗಿದ ಮೇಲೆ ಪೂರ್ಣ ಬೆಲೆ ತೆತ್ತು ಒಂದು ಸೀರೆ ಕೊಂಡರೂ ಆಕೆಗೆ ದೋಷವಿಲ್ಲ. ತನ್ನ ಎಣಿಕೆ ಮೀರದಿದ್ದರೆ ಸಾಕು. ಎರಡು ದಾರಿಗಳಲ್ಲಿ ಯಾವುದೆಂಬುದು ಆಕೆಯ ಶಕ್ತಿಗೆ ಬಿಟ್ಟದ್ದು. ಶಕ್ತಿಯನ್ನು ಮೀರಿ ತ್ಯಾಗ ಮಾಡಬಾರದು, ಶಕ್ತಿಯನ್ನು ಮರೆಸಿಯೂ ಇಡಬಾರದು.

ಪರ್ವದ ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡುವುದು ಪ್ರತಿಯೊಂದು ಮನೆಗೂ ಸಾಧ್ಯ. ಪೆಟ್ಟಿಗೆ, ಕಪಾಟುಗಳನ್ನು ತೆರೆದು, ಜೀವಜಂತುಗಳನ್ನು ನೋಡಿಕೊಂಡು ಮೆಲ್ಲಗೆ ಝಾಡಿಸಿ, ಎಲ್ಲವನ್ನೂ ಎಣಿಸಬೇಕು. ಉಡುವವು ಒಂದು ಕಡೆ. ಹೊಲಿದರೆ ಉಡಬಹುದಾದವು ಒಂದು ಕಡೆ. ಎರಡು ವರ್ಷದಿಂದ ಮೈಮೇಲೆ ಬಾರದವು ಇನ್ನೊಂದು ಕಡೆ. ಮೂರನೆಯ ರಾಶಿಯನ್ನು ಒಗೆದು, ಗುಂಡಿ ಹಾಕಿ, ಹರಿದುದನ್ನು ಸರಿಪಡಿಸಿ ಬೇಕಾದವರಿಗೆ ಕೊಡಬೇಕು. ತನಗೆ ಉಡಲಾಗದ ಚಿಂದಿಯನ್ನು ಇನ್ನೊಬ್ಬರ ಕೈಗಿಟ್ಟು ಅದನ್ನು ಕರುಣಾದಾನವೆನ್ನುವುದು ಸರಿಯಲ್ಲ. ಉಳಿದವುಗಳ ಸಂಖ್ಯೆಯನ್ನು ಬರೆದಿಟ್ಟು, ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕೆಂದು ಒಂದು ವರ್ಷದ ಮಟ್ಟಿಗಾದರೂ ನಿಯಮ ಹಿಡಿಯಬಹುದು. ಕಾಲಮಿತಿಯಿರುವ ತ್ಯಾಗವೇ ನಿಯಮ, ಜೀವಾವಧಿಯದು ಯಮ. ನಿಯಮವನ್ನು ನಡೆಸಿ ನೋಡಿದವರಿಗೆ ಯಮದ ಧೈರ್ಯ ತಾನಾಗಿ ಬರುತ್ತದೆ.

ಮುಂದಿನ ಆಷಾಢದಲ್ಲಿಯೂ ಅಂಗಡಿಯವರು ಕರೆಯುತ್ತಾರೆ. ಅದು ಅವರ ವೃತ್ತಿಧರ್ಮ. ಎಣಿಕೆ ಬರೆದಿಟ್ಟ ಮನೆಯವರು ಆ ಕರೆಯನ್ನು ಕೇಳಿ, ಪೆಟ್ಟಿಗೆಯಲ್ಲಿ ತೆರವಾದ ಸ್ಥಾನವುಂಟೇ ಎಂದು ನೋಡಿ, ಉಂಟಾದರೆ ಹೋಗಲಿ. ಇಲ್ಲವಾದರೆ ಸೂಜಿಗೆ ದಾರ ಪೋಣಿಸಲಿ.