ಅಳಿಸಿದ ಮಾತ್ರಕ್ಕೆ

'ಆದದ್ದು ಆಯಿತು, ಹಳೆಯದನ್ನೆಲ್ಲಾ ಮರೆತುಬಿಡು.' ನಮ್ಮ ಮನೆಗಳಲ್ಲಿ ಈ ಮಾತನ್ನು ಒಮ್ಮೆಯಾದರೂ ಕೇಳದ ಹೆಂಗಸು ಇರಲಿಕ್ಕಿಲ್ಲ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕ್ಷಮೆ ದೊಡ್ಡ ಗುಣವೆಂದು ನಾನೂ ಇಷ್ಟು ವರ್ಷಗಳಿಂದ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇನೆ. ಆದರೆ ಕ್ಷಮಿಸುವುದು ಬೇರೆ, ತಪ್ಪು ಸರಿಹೋಗಿದೆ ಎಂದು ನಂಬುವುದು ಬೇರೆ. ಮೊದಲನೆಯದನ್ನು ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು. ಎರಡನೆಯದಕ್ಕೆ ಎಷ್ಟು ದಿನ ಬೇಕು? ಈ ಪ್ರಶ್ನೆಗೆ ನನಗೆ ತಕ್ಕಮಟ್ಟಿನ ಉತ್ತರ ಸಿಕ್ಕಿದ್ದು ಪುರಾಣದಲ್ಲಲ್ಲ, ಒಂದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಎಂದರೆ ನೀವು ನಗಬಹುದು.

2023ರ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವರದು ಬೇರೆಯವರಿಂದ ಕೊಂಡ 2012ರ ಕಾರು. ಅಲ್ಲಿ ಇಷ್ಟು ಹಳೆಯ ಕಾರುಗಳನ್ನು ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಒಯ್ಯಬೇಕು. ಪಾಸಾಗದೆ ನೋಂದಣಿ ಮುಂದುವರಿಯದು. ಆ ರಾಜ್ಯಕ್ಕೆ ಇಷ್ಟು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1943ರಲ್ಲಿ ಲಾಸ್ ಏಂಜಲಿಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ, ಯುದ್ಧಕಾಲವಾದ್ದರಿಂದ, ಶತ್ರುಗಳು ವಿಷಾನಿಲ ಬಿಟ್ಟರೆಂದು ಜನ ಹೆದರಿದ್ದರಂತೆ. ಮೋಟಾರುಗಳ ಹೊಗೆ ಬಿಸಿಲಿಗೆ ಸೇರಿ ಆ ಮಬ್ಬಾಗುತ್ತದೆಂದು ಹಾಗನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು.

ನಮ್ಮೂರಿನಲ್ಲಿ ಹೊಗೆ ತಪಾಸಣೆ ಎಂದರೆ ಸೈಲೆನ್ಸರಿನೊಳಗೆ ಕೊಳವೆ ಇಟ್ಟು ಚೀಟಿ ಕೊಡುವುದು. ಅಲ್ಲಿ 2000ನೇ ಇಸವಿಯಿಂದ ಈಚಿನ ಪೆಟ್ರೋಲ್ ಕಾರಾದರೆ, ಕಾರಿನ ಕಂಪ್ಯೂಟರಿಗೆ ವಯರು ಸಿಕ್ಕಿಸಿ ಅದನ್ನೇ ಕೇಳುತ್ತಾರೆ. 1996ರಿಂದ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳಲ್ಲೆಲ್ಲಾ ಇಂಥದೊಂದು ಕಂಪ್ಯೂಟರು ಎಂಜಿನ್ನನ್ನೂ ಹೊಗೆಯನ್ನೂ ಕಾಯುತ್ತಿರುತ್ತದೆ. ದೋಷ ಕಂಡರೆ ಸ್ಟಿಯರಿಂಗ್ ಎದುರು ದೀಪ ಹೊತ್ತಿಸಿ, ದೋಷದ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ.

ಮಗಳ ಕಾರಿನಲ್ಲಿ ಆ ದೀಪ ಹೊತ್ತಿತ್ತು. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸೆನ್ಸರು ಕೆಟ್ಟಿತ್ತು. ಮೆಕ್ಯಾನಿಕ್ ಹೊಸದು ಹಾಕಿ, ಕಂಪ್ಯೂಟರಿನ ನೆನಪನ್ನು ಅಳಿಸಿ, ದೀಪ ಆರಿಸಿ ಕೊಟ್ಟ. ಮರುದಿನವೇ ತಪಾಸಣೆಗೆ ಹೋದರೆ ವಾಪಸು ಕಳಿಸಿದರು. ಕಾರು ಕೆಟ್ಟಿದೆ ಎಂದಲ್ಲ, 'ಇನ್ನೂ ಸಿದ್ಧವಾಗಿಲ್ಲ' ಎಂದು.

"ರಿಪೇರಿಯ ಬಿಲ್ಲೇ ಕೈಯಲ್ಲಿದೆ ಅಲ್ಲವೇನೇ?" ಎಂದೆ ನಾನು.

"ಅದಕ್ಕೆ ಬಿಲ್ಲು ಬೇಡಮ್ಮ, ಓಡಿಸಿ ತೋರಿಸಬೇಕು" ಎಂದಳು ಮಗಳು.

ನೆನಪನ್ನು ಅಳಿಸಿದಾಗ ದೋಷದ ಗುರುತಿನ ಜೊತೆಗೆ, ಇದುವರೆಗೆ ಪಾಸಾದ ಪರೀಕ್ಷೆಗಳ ಲೆಕ್ಕವೂ ಅಳಿಸಿಹೋಗುತ್ತದೆ. ಬ್ಯಾಟರಿ ಕಳಚಿದರೂ ಸಾಮಾನ್ಯವಾಗಿ ಇದೇ ಗತಿ. ಕಂಪ್ಯೂಟರು ಎಲ್ಲವನ್ನೂ ಮೊದಲಿನಿಂದ ನೋಡಬೇಕು. ಕೆಲವನ್ನು ಅದು ಎಂಜಿನ್ ಓಡುತ್ತಿರುವಷ್ಟು ಹೊತ್ತೂ ನೋಡುತ್ತದೆ. ಇನ್ನು ಕೆಲವಕ್ಕೆ ತಕ್ಕ ಸಂದರ್ಭವೇ ಒದಗಿ ಬರಬೇಕು. ಕುಕ್ಕರಿನ ಗ್ಯಾಸ್ಕೆಟ್ ಸರಿಯಿದೆಯೋ ಇಲ್ಲವೋ ಎಂಬುದು ಒಲೆಯ ಮೇಲೆ ಹಬೆ ಕಟ್ಟಿದಾಗಲೇ ತಿಳಿಯುವ ಹಾಗೆ. ರಾತ್ರಿಯೆಲ್ಲಾ ನಿಂತು ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಚಾಲೂ ಮಾಡಿ ಸ್ವಲ್ಪ ಹೊತ್ತು ನಿಂತಲ್ಲೇ ಬಿಡಬೇಕು. ಹೆದ್ದಾರಿಯಲ್ಲಿ ಗಂಟೆಗೆ ತೊಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಒಂದೇ ಸಮನೆ ಓಡಿಸಬೇಕು. ಬ್ರೇಕು ಒತ್ತದೆ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು. ಊರೊಳಗೆ ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು ಹೊರಡಬೇಕು. ಪೆಟ್ರೋಲ್ ಟ್ಯಾಂಕು ತುಂಬಿಯೂ ಇರಬಾರದು, ಬರಿದಾಗಿಯೂ ಇರಬಾರದು. ಕ್ರಮ ಕಾರಿನಿಂದ ಕಾರಿಗೆ ಕೊಂಚ ಬೇರೆ. ಆದರೆ ಇದರಲ್ಲಿ ಸರ್ಕಸ್ಸು ಯಾವುದೂ ಇಲ್ಲ, ಎಲ್ಲವೂ ದಿನನಿತ್ಯದ ಓಡಾಟವೇ ಎಂಬುದನ್ನು ನೋಡಿ. ಒಂದು ವಾರ ನಾನೂ ಪಕ್ಕದಲ್ಲಿ ಕೂತು ಸುತ್ತಿದೆ. ಆಮೇಲೆ ಕಾರು ಪಾಸಾಯಿತು.

ಪರೀಕ್ಷೆಯ ಹಿಂದಿನ ರಾತ್ರಿ ನೆನಪು ಅಳಿಸಿ, ದೀಪ ಆರಿಸಿ ಒಯ್ಯುವವರು ಅಲ್ಲೂ ಇದ್ದಾರೆ. ಅವರಿಗೂ ಇದೇ ಉತ್ತರ. ಇವನು ಕಳ್ಳ, ಇವನು ಪ್ರಾಮಾಣಿಕ ಎಂದು ಕಂಪ್ಯೂಟರು ಊಹಿಸಲು ಹೋಗುವುದಿಲ್ಲ. ನನಗಿನ್ನೂ ಗೊತ್ತಿಲ್ಲ ಎಂದಷ್ಟೇ ಹೇಳುತ್ತದೆ. ಅದಕ್ಕೇ ಇದರಲ್ಲಿ ಪ್ರಾಮಾಣಿಕನಿಗೆ ಅವಮಾನವಿಲ್ಲ. 2010ರಿಂದ ಈಚಿನ ಕಾರುಗಳಲ್ಲಿ ಇನ್ನೂ ಒಂದು ಏರ್ಪಾಡಿದೆ: ಕೆಲವು ದೋಷಗಳ ಗುರುತನ್ನು ಹೊರಗಿನವರು ಯಾರೂ ಅಳಿಸಲಾರರು. ದೋಷ ನಿಜವಾಗಿ ಹೋಗಿದೆಯೆಂದು ಓಡಾಟದಲ್ಲಿ ಖಚಿತವಾದ ಮೇಲೆ ಕಾರೇ ಅಳಿಸಿಕೊಳ್ಳಬೇಕು. 2019ರಿಂದ ಕ್ಯಾಲಿಫೋರ್ನಿಯಾದ ತಪಾಸಣೆಯಲ್ಲಿ ಅದನ್ನೂ ನೋಡುತ್ತಾರೆ.

ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯವಾಗಿರುವುದನ್ನೂ ಯಂತ್ರಕ್ಕೆ ಕಲಿಸಿದವರುಂಟು. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು ಪರೀಕ್ಷೆ ನಡೆಯುತ್ತಿದೆಯೆಂದು ತಾವೇ ಗುರುತಿಸಿ ಹೊಗೆ ತಗ್ಗಿಸುತ್ತಿದ್ದವೆಂಬುದು 2015ರಲ್ಲಿ ಬಯಲಾಯಿತು. ರಸ್ತೆಗಿಳಿದರೆ ಕೆಲವು ಕಾರುಗಳು ಮಿತಿಯ ನಲವತ್ತು ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡು ಉಗುಳುತ್ತಿದ್ದವು. ಇದರ ಸುಳಿವು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವೊಂದು ಉಪಕರಣಗಳನ್ನು ಕಾರಿನಲ್ಲೇ ಇಟ್ಟುಕೊಂಡು ಊರೂರು ಓಡಿಸಿ ಅಳೆದದ್ದರಿಂದ. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಇದ್ದರು.

ನಾನು ಊರಿಗೆ ಬಂದ ಮರುವರ್ಷ ಸಂಬಂಧಿಕರ ಮನೆಯಲ್ಲಿ ಒಂದು ಪಂಚಾಯಿತಿ ನಡೆಯಿತು. ನನಗೆ ತಂಗಿಯಾಗಬೇಕಾದವಳ ಮಗಳ ಗಂಡ ಮೊಬೈಲಿನಲ್ಲಿ ಇಸ್ಪೀಟಾಡಿ ಸಾಲ ಮಾಡಿ, ಅವಳ ಬಳೆಗಳನ್ನು ಹೇಳದೆ ಕೇಳದೆ ಅಡವಿಟ್ಟಿದ್ದ. ಈಗ ಬಳೆ ಬಿಡಿಸಿ ತಂದು, ಎಲ್ಲರೆದುರು ಕೈಮುಗಿದ. ಅವನ ಕಣ್ಣೀರು ಸುಳ್ಳೆಂದು ನನಗೂ ಅನ್ನಿಸಲಿಲ್ಲ. "ಗಂಡಸು ಇಷ್ಟು ಬಗ್ಗಿದಾನೆ, ಇನ್ನೇನು ಬೇಕು? ಇವತ್ತೇ ಹೊರಡು" ಎಂದರು ಹಿರಿಯರು. ಅವಳು ನನ್ನ ಕಡೆ ತಿರುಗಿ, "ದೊಡ್ಡಮ್ಮ, ಕ್ಷಮಿಸಲ್ಲ ಅಂತ ನಾನೆಲ್ಲಿ ಹೇಳ್ದೆ? ನಾಲ್ಕಾರು ಸಂಬಳದ ದಿನ ಕಳೀಲಿ ಅಂತೀನಿ" ಎಂದಳು. ಕಲ್ಲು ಮನಸ್ಸಿನವಳು ಎಂದು ಆಡಿಕೊಂಡರು. ನನಗೆ ಮಾತ್ರ ಆ ಕಾರು ನೆನಪಾಯಿತು. ಹತ್ತು ಜನರೆದುರು ಅತ್ತದ್ದು ರಿಪೇರಿಯ ಬಿಲ್ಲು. ಸಂಬಳ ಕೈಗೆ ಬಂದ ರಾತ್ರಿ, ಮೊಬೈಲು ಎದುರಿಗಿದ್ದು ಯಾರೂ ನೋಡದಿರುವಾಗ ಅವನು ಏನು ಮಾಡುತ್ತಾನೆ ಎಂಬುದು ರಸ್ತೆ. ಅವಳ ಪರವಾಗಿ ನಾನು ಮಾತಾಡಿದೆ.

ಹಾಗೆಂದು ಕಾಯುವವಳಿಗೂ ಒಂದು ಕರ್ತವ್ಯವಿದೆ. ಶೆಡ್ಡಿನಲ್ಲಿ ಬೀಗ ಹಾಕಿಟ್ಟ ಕಾರು ಎಷ್ಟು ವರ್ಷವಾದರೂ ಸಿದ್ಧವಾಗದು. ಆ ಹುಡುಗಿ ಭಾನುವಾರಗಳಲ್ಲಿ ಅವನನ್ನು ಬರಗೊಟ್ಟಳು, ಮಗುವನ್ನು ಹೊರಗೆ ಕರೆದೊಯ್ಯಲು ಬಿಟ್ಟಳು, ಪ್ರತಿ ತಿಂಗಳೂ ಬ್ಯಾಂಕಿನ ಲೆಕ್ಕ ಕೂಡಿ ನೋಡಿದಳು. ಕಾಯುವುದಕ್ಕೆ ಕೊನೆಯೂ ಇರಬೇಕು. ಅಳಿಸಲಾಗದ ಗುರುತು ಉಳಿದಿದ್ದರೂ, ನೆನಪು ಅಳಿಸಿದ ಮೇಲೆ ಕಾರು ಹದಿನೈದು ಸಲವಾದರೂ ತಣ್ಣಗಿದ್ದು ಬಿಸಿಯಾಗಿ, 200 ಮೈಲಿಯಾದರೂ ಓಡಿದ್ದರೆ, ಆ ಗುರುತೊಂದನ್ನೇ ಹಿಡಿದು ಫೇಲು ಮಾಡುವುದಿಲ್ಲವೆಂದು ಅಲ್ಲಿನ ನಿಯಮ. ಮನುಷ್ಯರ ವಿಷಯದಲ್ಲಿ ಆ ಮೈಲಿಗಳನ್ನು ಲೆಕ್ಕ ಹಾಕುವುದು ಕಷ್ಟ. ಏಳನೆಯ ತಿಂಗಳಲ್ಲಿ ಅವಳು ತಾನಾಗಿಯೇ ಆ ಮನೆಗೆ ಹೋದಳು. ಬ್ಯಾಂಕಿನ ಲೆಕ್ಕ ಮಾತ್ರ ಈಗಲೂ ಅವಳೇ ನೋಡುತ್ತಾಳಂತೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.