ಹಲ್ಲಿಲ್ಲದ ತೆನೆ

ಹುಣಸೂರು, ಪಿರಿಯಾಪಟ್ಟಣಗಳೆಂದರೆ ಹೊಗೆಸೊಪ್ಪು, ಕೃಷ್ಣರಾಜನಗರವೆಂದರೆ ಭತ್ತ, ಹೆಗ್ಗಡದೇವನಕೋಟೆಯೆಂದರೆ ಹತ್ತಿ, ರಾಗಿ. ಈ ಸೀಮೆಗೆ ಮುಸುಕಿನ ಜೋಳವೂ ಹೊಸತಲ್ಲ. ಆದರೆ ಮನೆಯ ಹಿತ್ತಿಲಲ್ಲಿ ಸಿಹಿಜೋಳ ಬೆಳೆಯುವ ಆಸೆ ಈಚಿನದು. ಪ್ರಿಯ ಓದುಗರೇ, ಅಂಥ ಆಸೆ ನಿಮಗೂ ಇದ್ದರೆ, ನನ್ನ ಮೊದಲ ಬೆಳೆಯ ಕಥೆಯನ್ನು ಕೇಳಿ. ಅದರಲ್ಲಿ ಜೋಳಕ್ಕಿಂತ ನಾಲಿಗೆಯ ಪಾತ್ರವೇ ದೊಡ್ಡದು.

ಹುಣಸೂರಿನ ನಮ್ಮ ಮನೆಯ ಕಾಂಪೌಂಡಿನ ಉದ್ದಕ್ಕೆ ಒಂದೇ ಸಾಲಿನಲ್ಲಿ ಹತ್ತು ಬೀಜಗಳನ್ನು ಊರಿದೆ. ಗೊಬ್ಬರಕ್ಕೆ, ನೀರಿಗೆ ಕೊರತೆ ಮಾಡಲಿಲ್ಲ. ಗಿಡಗಳು ಆಳೆತ್ತರ ಬೆಳೆದವು. ಮೊಮ್ಮಗಳು ದಿನವೂ ತೆನೆಗಳನ್ನು ಮುಟ್ಟಿ ನೋಡುತ್ತಿದ್ದಳು. ಕಡೆಗೆ ಮುಸುಕು ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದು ಬರಿಯ ದಿಂಡು. "ತಾತ, ಇದಕ್ಕೆ ಹಲ್ಲೇ ಇಲ್ಲ" ಎಂದಿತು ಮಗು. ನನಗೆ ಸಿಟ್ಟು ಬಂತು. ಬೀಜದ ಅಂಗಡಿಗೆ ಹೋಗಿ, ಕಳಪೆ ಬೀಜ ಕೊಟ್ಟು ಮೋಸ ಮಾಡಿದಿರೆಂದು ನಾಲ್ಕು ಜನರೆದುರು ಗದರಿ ಬಂದೆ. ಅಂಗಡಿಯವರು ಮರುಮಾತಾಡಲಿಲ್ಲ.

ಮರುವಾರ ಪರಿಚಯದ ರೈತರೊಬ್ಬರು ಬಂದು ನೋಡಿ, ತಪ್ಪು ಬೀಜದ್ದಲ್ಲ, ಸಾಲಿನದು ಎಂದರು. ಗಿಡದ ನೆತ್ತಿಯ ಸೂಲಂಗಿ ಗಂಡು ಹೂವು. ತೆನೆಯ ತುದಿಯಲ್ಲಿ ಇಳಿಬೀಳುವ ರೇಷ್ಮೆಯಂಥ ಎಳೆಗಳು ಹೆಣ್ಣು ಹೂವಿನವು. ಒಂದೊಂದು ಎಳೆಗೂ ಒಂದೊಂದು ಕಾಳು. ಎಳೆಗೆ ಪರಾಗ ತಗಲಿದರೆ ಮಾತ್ರ ಆ ಕಾಳು ಕಟ್ಟುತ್ತದೆ. ಪರಾಗವನ್ನು ಒಯ್ಯುವುದು ಗಾಳಿ. ಒಂಟಿ ಸಾಲಾದರೆ ಬಹುಪಾಲು ಪರಾಗ ಆಚೆಗೆ ಹಾರಿಹೋಗುತ್ತದೆ. ಹದಿನಾರು ಗಿಡಗಳಿದ್ದರೆ ನಾಲ್ಕು ಗಿಡಗಳ ನಾಲ್ಕು ಸಾಲು ಮಾಡಿ, ಸಾಲಿನ ನಡುವೆ 60 ಸೆಂಟಿಮೀಟರ್, ಗಿಡಗಳ ನಡುವೆ 25 ಸೆಂಟಿಮೀಟರ್ ಬಿಟ್ಟು ಚೌಕವಾಗಿ ಬೆಳೆಸಬೇಕು. ಪಕ್ಕದ ಹೊಲದ ಸಾಮಾನ್ಯ ಮುಸುಕಿನ ಜೋಳದ ಪರಾಗ ತಗಲಿದ ಕಾಳು ಸಿಹಿಯಾಗದೆ ಹಿಟ್ಟಾಗುತ್ತದೆ. ಅದಕ್ಕಾಗಿ ಪಕ್ಕದವರನ್ನು ದೂರುವಂತಿಲ್ಲ. ಅವರು ಬಿತ್ತಿದ ದಿನವನ್ನು ಕೇಳಿ ತಿಳಿದು, ಎರಡು ಮೂರು ವಾರ ಬಿಟ್ಟು ನಾವು ಬಿತ್ತಿದರಾಯಿತು.

ಎರಡನೆಯ ಬಾರಿ ಹಾಗೆಯೇ ಮಾಡಿದೆ. ತೆನೆಗಳು ತುಂಬಿ ಬಂದವು. ಮಣ್ಣು ನನ್ನ ತಪ್ಪನ್ನು ಒಂದೇ ಬೆಳೆಯಲ್ಲಿ ಮನ್ನಿಸಿತು. ಆದರೆ ನಾಲ್ಕು ಜನರೆದುರು ಆಡಿದ ಮಾತು?

ನಾನು ಸುಳ್ಳು ಹೇಳಲಿಲ್ಲ, ತಿಳಿಯದೆ ಹೇಳಿದೆ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಜೋಳದ ಗುಟ್ಟು ನನಗೆ ತಿಳಿದಿರಲಿಲ್ಲ, ನಿಜ. ಆದರೆ ನನಗೆ ತಿಳಿದಿಲ್ಲ ಎಂಬುದು ತಿಳಿದಿತ್ತಲ್ಲವೇ? ಜೋಳ ಬೆಳೆದದ್ದೇ ಮೊದಲ ಸಲ. ಅಜ್ಞಾನ ದೋಷವಲ್ಲದಿರಬಹುದು, ಕೇಳಿ ತಿಳಿಯುವ ಮೊದಲೇ ತೀರ್ಪು ಕೊಟ್ಟದ್ದು ದೋಷವೇ. ಇನ್ನು ಮುಂದೆ ಅದೇ ಅಂಗಡಿಯಲ್ಲಿ ಕೊಂಡು, ನಗುನಗುತ್ತಾ ಮಾತಾಡಿದರೆ ಸಾಲದೇ ಎಂದೂ ಯೋಚಿಸಿದೆ. ಸಾಲದು. ಅಂದು ಕೇಳಿಸಿಕೊಂಡವರು ಆ ಸಂಶಯವನ್ನು ಎಲ್ಲೆಲ್ಲಿಗೆ ಒಯ್ದರೋ ನಾನರಿಯೆ. ಬಹಿರಂಗವಾಗಿ ಕಳೆದ ಮಾನವನ್ನು ಗುಟ್ಟಾಗಿ ಹಿಂದಿರುಗಿಸಲಾಗದು.

ಒಂದು ಬೆಳಿಗ್ಗೆ ನಾಲ್ಕು ತೆನೆ ಮುರಿದುಕೊಂಡು, ಅಂಗಡಿಯಲ್ಲಿ ಜನರಿರುವ ಹೊತ್ತು ನೋಡಿ ಹೋದೆ. "ಅಂದು ಬೀಜ ಚೆನ್ನಾಗಿಯೇ ಇತ್ತು, ಬಿತ್ತಿದ ನನಗೆ ತಿಳಿವಳಿಕೆ ಇರಲಿಲ್ಲ. ನಿಮ್ಮನ್ನು ಮೋಸಗಾರರೆಂದದ್ದು ತಪ್ಪು" ಎಂದೆ. ಅವರು ತೆನೆಯ ಸಿಪ್ಪೆ ಸರಿಸಿ, ಕಾಳಿಗೆ ಉಗುರೊತ್ತಿದರು. ಹಾಲು ಚಿಮ್ಮಿತು. "ಹದವಾಗಿದೆ ಸ್ವಾಮಿ. ಇದನ್ನು ಇವತ್ತೇ ಬೇಯಿಸಬೇಕು. ಮುರಿದ ಮೇಲೆ ತಡವಾದಷ್ಟೂ ಸಿಹಿ ಕಡಿಮೆಯಾಗುತ್ತದೆ" ಎಂದರು.

ಜೋಳದ ಸಕ್ಕರೆ ದಿನ ಕಳೆದಂತೆ ಪಿಷ್ಟವಾಗುತ್ತದೆ. ಅದು ಅದರ ಗುಣ. ನಾನು ಕ್ಷಮೆ ಕೇಳಲು ಒಂದು ಬೆಳೆಯ ಕಾಲವನ್ನೇ ತೆಗೆದುಕೊಂಡಿದ್ದೆ. ನೀವು ಅಷ್ಟು ಕಾಯಬೇಡಿ.